ಎರಡು ಗೇಣಿನ ನಿಯಮ

ಟಾರ್ಟು ಊರಲ್ಲಿ ಮುಚ್ಚಿಹೋದ ಒಂದು ಶಾಲೆ.
ಅದರ ಆಟದ ಹಾಲು ನಮಗೆ ಬಾಡಿಗೆಗೆ.
ವಾರ್ನಿಶ್ ಬಳಿದ ಮರದ ನೆಲ,
ಬ್ಯಾಸ್ಕೆಟ್‌ಬಾಲಿನ ಮಾಸಿದ ಗೆರೆ,
ಹೊರಗೆ ಮೈನಸ್ ಒಂಬತ್ತು.

ನಾನು ಗಡಿಯಾರ ರಿಪೇರಿಯವನು, ವಾಲ್ಡೆಕ್.
ಮುಳ್ಳು ನೋಡಿ ಹೊತ್ತು ತಿಳಿಯುವವರು ಕಡಿಮೆಯಾದ ಮೇಲೆ
ಮಾರಿಕ ಕರೆದಳು: "ನಿಮ್ಮ ಬೆರಳು ಬೇಕು,
ಲೆಕ್ಕ ನಾನು ನೋಡಿಕೊಳ್ಳುತ್ತೇನೆ."

ಒಂದೊಂದೂ ಮೂವತ್ತೊಂದು ಗ್ರಾಂ.
ಕೋಳಿಮೊಟ್ಟೆಯೇ ಇದಕ್ಕಿಂತ ಭಾರ.
ನಾಲ್ಕು ಮೋಟಾರು, ಎರಡು ಬೆರಳಗಲದ ಬ್ಯಾಟರಿ,
ನೆಲ ನೋಡಲು ಹೊಟ್ಟೆಯಡಿ ಒಂದು ಕಣ್ಣು.
ಏಳು ನಿಮಿಷದ ಆಯುಷ್ಯ,
ಆಮೇಲೆ ಚಾರ್ಜರಿನ ತೊಟ್ಟಿಲು.
ಕೂದಲೆಳೆಯ ಸ್ಪ್ರಿಂಗಿಗೆ ಪಳಗಿದ ನನ್ನ ಕೈ
ಬೆಸುಗೆ ಕಡ್ಡಿ ಹಿಡಿದ ಮೊದಲ ವಾರ
ಮೂರು ಬೋರ್ಡು ಸುಟ್ಟಿತು. ಯಾರೂ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಬಲೆ ಪೈಪ್ಸಿ ಸರೋವರದ್ದು.
ಬೆಸ್ತ ಸವ್ವಾತಿ ಎರವಲು ಕೊಟ್ಟು,
"ಹರಿದರೆ ಹೊಲಿದು ಕೊಡಿ" ಎಂದಷ್ಟೇ ಹೇಳಿದ.
ಸೊಳ್ಳೆಪರದೆಯ ಹಾಗೆ ಸುತ್ತಲೂ ಕಟ್ಟಿದೆವು.
ಇನ್ನೂ ಮೀನಿನ ವಾಸನೆ.
ಬಾಗಿಲ ಬಳಿ ಕೂತ ಬೆಕ್ಕು
ಹಾರುವ ಪ್ರತಿಯೊಂದನ್ನೂ ನೋಡುತ್ತದೆ,
ಮೂಸುತ್ತದೆ, ಅನುಮಾನ ಬಿಡುವುದಿಲ್ಲ.

ಒಟ್ಟು ಹನ್ನೆರಡು.
ಮುಂದಾಳು ಇಲ್ಲ. ಮೇಲೆ ಕೂತು
ಅಪ್ಪಣೆ ಕೊಡುವ ಯಂತ್ರವೂ ಇಲ್ಲ.
ತಾನೆಲ್ಲಿದ್ದೇನೆಂದು ಸೆಕೆಂಡಿಗೆ ಹತ್ತು ಸಲ
ಪ್ರತಿಯೊಂದೂ ಪಕ್ಕದ್ದಕ್ಕೆ ಹೇಳಬೇಕು;
ಪಕ್ಕದ್ದು ಹೇಳಿದ್ದನ್ನು ಕೇಳಿಸಿಕೊಳ್ಳಬೇಕು;
ಎರಡು ಗೇಣಿಗಿಂತ ಹತ್ತಿರ ಹೋಗಬಾರದು;
ಬಿಟ್ಟೂ ಹೋಗಬಾರದು.

ಇಷ್ಟೇನಾ, ಕೇಳಿದೆ.
"ಇಷ್ಟನ್ನೇ ಪಾಲಿಸಿ ನಮ್ಮ ಕಟ್ಟಡದವರು
ಮೆಟ್ಟಿಲ ಹಿಮ ಗುಡಿಸಲಿ, ನೋಡೋಣ," ಅಂದಳು.

ಮೊದಲ ದಿನ ಬಳೆಯ ಹಾಗೆ ಎದ್ದು ನಿಂತವು.
ನಾನು ಉಸಿರು ಬಿಡಲಿಲ್ಲ, ಗಾಳಿ ತಾಗೀತೆಂದು.
ಎರಡನೆಯ ದಿನ
ಇಡೀ ಬಳೆ ಮೆಲ್ಲಗೆ
ಕಿಟಕಿಯ ಕಡೆ ಜಾರಿತು.
ಮೂರನೆಯ ದಿನವೂ. ಒಂದೊಂದಾಗಿ ಬಲೆಗೆ.
ಬೆಕ್ಕು ಎದ್ದು ನಿಂತಿತು.

ಮಾರಿಕ ನಾಲ್ಕು ರಾತ್ರಿ ಪ್ರೋಗ್ರಾಮು ಓದಿದಳು.
ನಾನು ಹನ್ನೆರಡರ ಹೊಟ್ಟೆಯನ್ನೂ ಬಿಚ್ಚಿದೆ.
ಒಂದು ಸ್ಕ್ರೂ ಸಡಿಲವಿಲ್ಲ.
ಅವಳ ತಪ್ಪೆಂದು ನಾನು, ನನ್ನದೆಂದು ಅವಳು,
ಹೇಳದೆ ಕಾಫಿ ಕುಡಿದೆವು.

ಗುರುವಾರ ಷೂ ಬಿಚ್ಚಿಟ್ಟು
ನೆಲದ ಮೇಲೆ ಅಂಗಾತ ಮಲಗಿದ್ದೆ, ಬೆನ್ನುನೋವಿಗೆ.
ತಲೆ ಹೊರಳಿಸಿದೆ.
ವಾರ್ನಿಶ್ ನೆಲದೊಳಗೆ ಹಿಮ ಬೀಳುತ್ತಿತ್ತು.

ಕಿಟಕಿಯಾಚೆಯ ಹಿಮ. ನೆಲದಲ್ಲಿ ಅದರ ಬಿಂಬ.
ಐದನೆಯದು, ಕಿಟಕಿಗೆ ಹತ್ತಿರದ್ದು, ಅದನ್ನು ನೋಡಿ
ನೆಲ ಸರಿಯುತ್ತಿದೆ, ಅಂದರೆ ತಾನೇ ಜಾರುತ್ತಿದ್ದೇನೆಂದು ತಿಳಿದು
ತನ್ನನ್ನು ತಾನು ತಿದ್ದಿಕೊಂಡಿದೆ.
ಉಳಿದ ಹನ್ನೊಂದು ಹಿಮ ಕಂಡಿಲ್ಲ.
ಅವು ಐದನ್ನು ಕಂಡಿವೆ.
ಬಿಟ್ಟು ಹೋಗಬಾರದಲ್ಲ.

ಯಾವುದೂ ಸುಳ್ಳು ಹೇಳಿರಲಿಲ್ಲ.

ಮಾರಿಕ ಅಜ್ಜಿಮನೆಯಿಂದ
ಚಿಂದಿ ನೇಯ್ದ ಜಮಖಾನ ಹೊತ್ತು ತಂದಳು.
ಯಾರದೋ ಅಂಗಿ, ಯಾವುದೋ ಪರದೆ,
ಸಾಮೂಹಿಕ ತೋಟದ ಕಾಲದ ನೀಲಿ ಏಪ್ರನ್ನು,
ಪಟ್ಟೆ ಪಟ್ಟೆಯಾಗಿ.
ಹಾಸಿದೆವು. ಹೊಟ್ಟೆಯಡಿಯ ಕಣ್ಣುಗಳಿಗೆ
ಹಿಡಿದುಕೊಳ್ಳಲು ಏನೋ ಸಿಕ್ಕಿತು.
ಏಳು ನಿಮಿಷ ಬಳೆ ಅಲುಗಲಿಲ್ಲ.
ಆರನೆಯ ನಿಮಿಷಕ್ಕೆ ಐದು ಮಾತ್ರ
ಬ್ಯಾಟರಿ ಸೋತು ಕೆಳಗೆ ಬಿತ್ತು;
ಹನ್ನೊಂದೂ ತುಸು ತುಸು ಸರಿದು
ಸಂದು ಮುಚ್ಚಿದವು.
ಅಷ್ಟು ಬೇಗ ಮುಚ್ಚಬೇಕಿತ್ತೇ ಅನ್ನಿಸಿತು ನನಗೆ.
ಮಾರಿಕ ಚಪ್ಪಾಳೆ ತಟ್ಟುತ್ತಿದ್ದಳು.

ಐದನ್ನು ಕೋಟಿನ ಜೇಬಿಗಿಳಿಸಿ
ಬಸ್ಸಿಗೆ ನಿಂತೆ. ಇನ್ನೂ ಮೂವರು.
ನಮ್ಮಲ್ಲಿ ಒಬ್ಬರಿಗೊಬ್ಬರು
ನಾಲ್ಕು ಮೊಳ ಬಿಟ್ಟೇ ನಿಲ್ಲುವುದು;
ಮಾತು ಅದಕ್ಕಿಂತ ದೂರ.
ಹಸಿರು ಟೋಪಿಯವಳ ಕಾಲು ಮಂಜುಗಡ್ಡೆಯ ಮೇಲೆ ಜಾರಿತು.
ಮೂವರೂ ಅರ್ಧ ಹೆಜ್ಜೆ ವಾಲಿದೆವು.
ಬೀಳಲಿಲ್ಲ ಅವಳು.
ಮತ್ತೆ ನಮ್ಮ ನಮ್ಮ ಜಾಗಕ್ಕೆ.

ಜೇಬಿನಲ್ಲಿ ಐದು ಇನ್ನೂ ಬೆಚ್ಚಗಿತ್ತು.